ಬಚ್ಚಿಟ್ಟ ರಿಪೋರ್ಟು

ಹೆಂಡತಿ ಬಟ್ಟಲು ಸೂಪನ್ನು ಪೂರ್ತಿ ಕುಡಿದದ್ದು ಕಂಡು ಅವನಿಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು.

"ಸೂಜಿಯಮ್ಮನ ಕೈಗುಣ ರೀ," ಎಂದಳು ಅವಳು. "ಅಲ್ಲಿಗೆ ಹೋಗಿಬಂದ್ರೆ ಎರಡು ದಿನ ವಾಕರಿಕೆ ಹತ್ರ ಸುಳಿಯಲ್ಲ."

"ಸೂಪು ಮಾಡಿದ್ದು ಸೂಜಿಯಮ್ಮ ಅಲ್ಲ, ನಾನು."

"ಮೊನ್ನೆನೂ ನೀವೇ ಮಾಡಿದ್ರಿ. ಒಳಗೆ ನಿಲ್ತಾ?"

ಅವನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಮುನ್ನೂರು ಜನಕ್ಕೆ ಬೇಯಿಸಿ ಹಾಕುವವನು. ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ಅವಳ ಬಾಯಿಗೆ ಬೇಸಿನ್ ಹಿಡಿದವನು, ಉದುರಿದ ಕೂದಲು ಗುಡಿಸಿದವನು ಅವನೇ. ವಾಕರಿಕೆಗೆಂದು ಕೀಮೋ ಡಾಕ್ಟರೇ ಅವಳನ್ನು ಆಸ್ಪತ್ರೆಯ ಅಕ್ಯುಪಂಕ್ಚರ್ ಕೋಣೆಗೆ ಕಳಿಸಿದ್ದರು. ಅಲ್ಲಿನ ಹೆಂಗಸು, ಅವಳ ಬಾಯಲ್ಲಿ ಸೂಜಿಯಮ್ಮ, ಕೂದಲೆಳೆಯಂಥ ಸೂಜಿಗಳನ್ನು ಮಣಿಕಟ್ಟಿಗೆ, ಕಾಲಿಗೆ ಚುಚ್ಚಿ ಅರ್ಧ ಗಂಟೆ ಮಲಗಿಸುತ್ತಿದ್ದಳು. "ಕಾಯಿಲೆಗೆ ಮದ್ದು ಕೀಮೋನೇ. ಅದನ್ನ ತಡ್ಕೊಳ್ಳೋಕೆ ನಾನು ಸಹಾಯ ಮಾಡ್ತೀನಿ, ಅಷ್ಟೇ" ಎಂದು ಮೊದಲ ದಿನವೇ ಹೇಳಿದ್ದಳು. ಆ ಕೋಣೆಯಿಂದ ಹೆಂಡತಿ ನಗುತ್ತ ಹೊರಬರುತ್ತಿದ್ದಳು. ಅವನ ಜೊತೆ ನಕ್ಕು ತಿಂಗಳುಗಳೇ ಆಗಿದ್ದವು.

ಸೂಜಿ ಹಾಕುವ ಮುಂಚೆ ಪ್ರತಿ ಸಲವೂ ರಕ್ತದ ರಿಪೋರ್ಟು ತೋರಿಸಬೇಕು. ರಕ್ತಕಣಗಳು ತೀರಾ ಕಡಿಮೆಯಿದ್ದರೆ ಸೋಂಕಿನ ಭಯಕ್ಕೆ ಸೂಜಿಯಿಲ್ಲ. ರಿಪೋರ್ಟು ತರುವ ಕೆಲಸ ಅವನದು. ಆ ವಾರ ಎಲ್ಲವೂ ಸರಿಯಾಗಿಯೇ ಇತ್ತು. ಅವನು ಅದನ್ನು ಮಡಚಿ ಒಳಜೇಬಿಗೆ ತುರುಕಿಕೊಂಡು ಮನೆಗೆ ಬಂದ.

"ಬಿಳಿ ಕಣ ಇಳಿದಿದೆಯಂತೆ. ಈ ವಾರ ಸೂಜಿ ಬೇಡ ಅಂದ್ರು."

ಅವಳು ನಂಬಿದಳು. ಅವನು ಹುರುಪಿನಿಂದ ಸೂಪು ಮಾಡಿದ, ಕಾಲು ಒತ್ತಿದ. ಅವಳು ಮೂರು ದಿನ ವಾಂತಿ ಮಾಡಿಕೊಂಡಳು. ನಾಲ್ಕನೆಯ ದಿನ ಗೋಡೆಯ ಕಡೆ ತಿರುಗಿ ಮಲಗಿದ್ದವಳು ಹೇಳಿದಳು:

"ಮುಂದಿನ ಕೀಮೋಗೆ ನಾನು ಬರಲ್ಲ."

"ತಲೆ ಕೆಟ್ಟಿದೆಯಾ ನಿಂಗೆ?"

"ರಕ್ತಾನೇ ಸೋತಿದೆ ಅಂದ್ಮೇಲೆ ಇನ್ನೇನು ಉಳೀತು? ಸಾಕು ರೀ."

ಅವನು ಒಳಜೇಬಿನಿಂದ ಕಾಗದ ತೆಗೆದು ಅವಳ ಕೈಗಿಟ್ಟ. ಅವಳು ಎದ್ದು ಕೂತು ಓದಿದಳು. ತಾರೀಕನ್ನು ಎರಡು ಸಲ ನೋಡಿದಳು.

"ಯಾಕ್ರೀ?"

"ನೀನು ಅವಳ ಹತ್ರ ನಗ್ತೀಯ."

"ನಿಮ್ಮ ಮುಂದೆ ನಕ್ಕರೆ, ಹುಷಾರಾದ್ಯಾ, ಹುಷಾರಾದ್ಯಾ ಅಂತ ಪ್ರಾಣ ತಿಂತೀರ. ಅವಳು ಕೇಳಲ್ಲ." ಅವಳು ಕಾಗದವನ್ನು ಮಡಚಿದಳು. "ನಾಲ್ಕು ದಿನದಿಂದ ನಾನು ಸಾಯೋದಕ್ಕೆ ತಯಾರಾಗ್ತಿದ್ದೆ. ಗೊತ್ತಾ ನಿಮಗೆ?"

ಅವನು ಬೇಸಿನ್ ಎತ್ತಿಕೊಂಡು ತೊಳೆಯಲು ಹೋದ.

ಕೀಮೋದ ಹಿಂದಿನ ದಿನ ಇಬ್ಬರೂ ಹೊಸ ರಿಪೋರ್ಟು ಹಿಡಿದು ಆ ಕೋಣೆಗೆ ಹೋದರು.

"ಹೋದ ವಾರ ಯಾಕೆ ಬರ್ಲಿಲ್ಲ?" ಸೂಜಿಯಮ್ಮ ಕೇಳಿದಳು.

"ರಿಪೋರ್ಟು ತಡ ಆಯ್ತು," ಎಂದಳು ಹೆಂಡತಿ, ಅವನ ಮುಖ ನೋಡದೆ.

"ತಡ ಆಗಿರಲಿಲ್ಲ," ಎಂದ ಅವನು. "ಸುಳ್ಳು ಹೇಳಿ ನಾನೇ ತಪ್ಪಿಸಿದ್ದೆ. ಇನ್ಮೇಲೆ ರಿಪೋರ್ಟು ನೇರ ಇವಳ ಫೋನಿಗೇ ಬರುತ್ತೆ. ಲ್ಯಾಬಿನವರಿಗೆ ಹೇಳಿದೀನಿ."

ಸೂಜಿಯಮ್ಮ ರಿಪೋರ್ಟು ನೋಡಿ ಕೈತೊಳೆಯಲು ಹೋದಳು. ಅವನು ಹೊರಬಂದು ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಒಳಗೆ ಇಬ್ಬರೂ ನಕ್ಕದ್ದು ಕೇಳಿಸಿತು. ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ಏನು ತಮಾಷೆ ಎಂದು ಕೇಳಲು ಅವನು ಏಳಲಿಲ್ಲ.