ಗು ಸಾಹೇಬರು ಸುತ್ತಿದ ಸೊನ್ನೆ

ಅಂಗಿ ಗುಂಡಿ ವ್ಯಾಪಾರದ ತಕರಾರಿನಲ್ಲಿ ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಪಂಚಾಯ್ತಿ ಚೀನಾದ ವಿರುದ್ಧ ತೀರ್ಪು ಕೊಟ್ಟಿತ್ತು. ಒಪ್ಪುವುದೋ ಬಿಡುವುದೋ, ಬೀಜಿಂಗಿನಿಂದ ಸಂಜೆಯೊಳಗೆ ಉತ್ತರ ಹೋಗಬೇಕು. ಒಪ್ಪೋಣ ಎಂದು ಟಿಪ್ಪಣಿ ಬರೆದವಳು ಅಲ್ಲಿನ ವಾಣಿಜ್ಯ ಮಂತ್ರಾಲಯದ ಇಡೀ ಕಚೇರಿಯಲ್ಲಿ ತಾವೊ ವೆನ್‌ಶಿಯು ಒಬ್ಬಳೇ.

ಬೆಳಗಿನ ಸಭೆಯಲ್ಲಿ ನಿರ್ದೇಶಕ ಗು ಅವಳ ಬೆವರಿಳಿಸಿದ್ದರು. "ಆ ವ್ಯಾಪಾರದ ನಿಯಮ ಬರೆದೋರು ಯಾರಮ್ಮಾ? ನಾವು ಬಡವರಾಗಿದ್ದಾಗ ಆ ಶ್ರೀಮಂತ ದೇಶದೋರು ಬರೆದಿಟ್ಟಿದ್ದು. ಈಗ ಬೆಳೆದಿದೀವಿ. ಬೆಳೆದ ಮಗ ಚಿಕ್ಕಂದಿನ ಚಡ್ಡಿ ಹಾಕ್ಕೊಂಡು ತಿರುಗ್ತಾನಾ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುಂದಿನ ತಿಂಗಳು ಉಪಮಂತ್ರಿ ಆಗುವ ಮನುಷ್ಯ, ನಗದೆ ಇರುತ್ತಾರೆಯೇ!

ಮಧ್ಯಾಹ್ನ ಟಿಪ್ಪಣಿ ವಾಪಸು ಬಂತು. ಒಂದಕ್ಷರದ ಷರಾ ಇಲ್ಲ. ಕಾಗದದಲ್ಲಿ ಅಚ್ಚಾಗಿದ್ದ ತಮ್ಮ ಹೆಸರಿನ ಸುತ್ತ ಗು ಒಂದು ಸೊನ್ನೆ ಸುತ್ತಿದ್ದರು, ಅಷ್ಟೆ. ನೋಡಿದೆ, ಆಚೆ ಇಡು ಎಂದರ್ಥ. ಮೂರು ವಾರದ ದುಡಿಮೆ ನೀರುಪಾಲಾಯಿತಲ್ಲ ಎಂದು ವೆನ್‌ಶಿಯುಗೆ ಅಳುವೇ ಬಂತು.

ಕಡತ ನೋಡಿಕೊಳ್ಳುವ ಮುದುಕ ಲಾವೊ ಮೆಂಗ್ ಕನ್ನಡಕ ಏರಿಸಿದ. "ಅಯ್ಯೋ ಹುಡುಗೀ! 'ವರದಿ' ಅಂತ ಹಾಕೋ ಕಡೆ 'ಅಪ್ಪಣೆ ಕೋರಿಕೆ' ಅಂತ ಹಾಕಿದ್ದೀಯಲ್ಲೇ!"

"ಹೌದಾ? ಹಳೇ ಕೋರಿಕೆಯೊಂದರ ಮೇಲೇ ತಿದ್ದಿ ಬರೆದೆ, ತಲೆಬರಹ ಬದಲಾಯಿಸೋದು ಮರ್ತುಬಿಟ್ಟೆ."

"ವರದಿ ಮೇಲೆ ಸೊನ್ನೆ ಬಿದ್ರೆ 'ಓದಿದೆ' ಅಂತ. ಕೋರಿಕೆ ಮೇಲೆ ಬಿದ್ರೆ 'ಒಪ್ಪಿದೆ' ಅಂತ. ನಾನು ಸೇರಿದಾಗಿಂದ ನಡೆದು ಬಂದಿರೋದೇ ಹೀಗೆ. ಒಪ್ಪಿದೀವಿ ಅಂತ ಸುಮ್ನೆ ಜಿನೀವಾಕ್ಕೆ ಕಳಿಸಿಬಿಡು."

ಕದ್ದು ಕಳಿಸುವ ಜಾಯಮಾನ ಅವಳದಲ್ಲ. ನೇರ ಹೋಗಿ ತಪ್ಪೊಪ್ಪಿಕೊಂಡಳು. ಗು ಅವರ ಮುಖ ಕೆಂಪಾಯಿತು. "ನನ್ನ ಕೈಯಿಂದಲೇ ಒಪ್ಪಿಗೆ ಕೊಡಿಸಿದ್ಯಾ? ಕೊಡು ಇಲ್ಲಿ!" ಕಾಗದ ಕಿತ್ತುಕೊಂಡು ಹರಿಯಲು ಹೊರಟವರು ಅರ್ಧದಲ್ಲೇ ನಿಂತರು. ಸ್ವಲ್ಪ ಹೊತ್ತು ಸೊನ್ನೆಯನ್ನೇ ನೋಡಿದರು.

"ಬೇಡ," ಎಂದು ಗೊಣಗಿದರು. "ಇವತ್ತು ನಾನೇ ಇದನ್ನ ಹರಿದ್ರೆ, ನಾಳೆ ನನ್ನ ಸೊನ್ನೆಗೆ ಯಾರು ಬೆಲೆ ಕೊಡ್ತಾರೆ? ಈ ಪದ್ಧತಿ ನಾನು ಮಾಡಿದ್ದಲ್ಲ. ಆದ್ರೆ ಮೇಲೆ ಹೋದಷ್ಟೂ ಇದು ಬೇಕಾಗೋದು ನನಗೇ ಕಣಮ್ಮಾ."

ವೆನ್‌ಶಿಯುಗೆ ತಡೆದುಕೊಳ್ಳಲಾಗಲಿಲ್ಲ. "ಸಾಹೇಬ್ರೆ, ಎರಡನೇ ಪುಟದಲ್ಲಿ ನಮ್ಮ ದೇಶದ ಬಗ್ಗೆ ನಾನು ಬರೆದಿರೋದೂ ಅದನ್ನೇ, ಬೆಳೆದಷ್ಟೂ ನಿಯಮ ಬೇಕಾಗೋದು ನಮಗೇ ಅಂತ. ತಾವು ಓದಿಲ್ಲ ಅನ್ಸುತ್ತೆ."

ಗು ದುರುಗುಟ್ಟಿ ನೋಡಿದರು. ಆಮೇಲೆ ಏನನ್ನಿಸಿತೋ, ಜೋರಾಗಿ ನಕ್ಕು, ಕುರ್ಚಿ ಎಳೆದುಕೊಂಡು ಮೊದಲ ಸಲ ಟಿಪ್ಪಣಿ ಓದಲು ಕೂತರು.