ಮೈಕ್ ಮುತ್ತುರಾಜ ಬಾಯಿ ಬಿಟ್ಟ ದಿನ

ಶಾಲೆಯಲ್ಲಿ ಪೋಷಕರ ಸಭೆ ಹೇಗೆ ನಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂದಿನ ಬೆಂಚು ಸಿಗಲಿ ಅಂತ ಎಲ್ಲರೂ ಬೇಗ ಹೋಗುತ್ತೇವೆ. ಹೆಡ್ ಮೇಡಂ "ಏನಾದರೂ ಕೇಳುವುದಿದೆಯಾ?" ಅಂದರೆ ಎಲ್ಲರೂ ಫ್ಯಾನ್ ನೋಡುತ್ತೇವೆ. ಹೇಳಿದ ಕಡೆ ಸಹಿ ಹಾಕಿ, ಟೀ ಕುಡಿದು, ಕೈ ಮುಗಿದು ಹೊರಡುತ್ತೇವೆ. ಗೇಟು ದಾಟಿದ ಮೇಲೆ ನೋಡಬೇಕು ನಮ್ಮ ಬಾಯಿ! ಶೌಚಾಲಯದಲ್ಲಿ ನೀರಿಲ್ಲ, ಪಾಠ ಆಗುತ್ತಿಲ್ಲ, ಅದು ಸರಿಯಿಲ್ಲ, ಇದು ಸರಿಯಿಲ್ಲ. ಇಷ್ಟನ್ನೂ ಕೇಳಿಸಿಕೊಳ್ಳುವವನು ಗೇಟಿನ ಹೊರಗೆ ನಿಂತ ಪಾನಿಪೂರಿ ಗಾಡಿಯವನು. ಪಾಪ, ಅವನೇನು ಮಾಡಿಯಾನು?

ಕೆ.ಆರ್. ಪುರದ ಕಡೆಯ ನಮ್ಮ ಬೀದಿಯಲ್ಲಿ ಗೇಟಿನ ಹೊರಗೂ ಬಾಯಿ ಬಿಡದವನು ಒಬ್ಬನಿದ್ದ. ಹೆಸರು ಮುತ್ತುರಾಜ. ತಮಾಷೆ ಏನೆಂದರೆ, ಅವನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ.

ಮಹದೇವಪುರದಿಂದ ಬಾಣಸವಾಡಿಯವರೆಗೆ ಯಾರ ಮನೆಯ ನಾಮಕರಣವಿರಲಿ, ಯಾವ ಸಂಘದ ಸಭೆಯಿರಲಿ, ಮೊದಲು ಕೇಳುವುದು ಮುತ್ತುರಾಜನ ದನಿಯೇ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ." ಅಷ್ಟು ಹೇಳಿ ಮೈಕನ್ನು ಇನ್ನೊಬ್ಬರ ಕೈಗೆ ಕೊಟ್ಟು, ಸ್ಪೀಕರ್ ಬಾಕ್ಸಿನ ಹಿಂದೆ ಹೋಗಿ ಕೂತುಬಿಡುತ್ತಾನೆ. ಅದಕ್ಕಿಂತ ಹೆಚ್ಚಿಗೆ ಅವನು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆದರೆ ಆ ಮೈಕ್ ಸೆಟ್ ಅಂದರೆ ಅವನಿಗೆ ಪ್ರಾಣ. ಮಳೆ ಬಂದು ಬೀದಿಯ ನೀರು ಮನೆಗೆ ನುಗ್ಗಿದರೆ ಮೊದಲು ಮಂಚ ಹತ್ತುವುದು ಆಂಪ್ಲಿಫೈಯರ್, ಆಮೇಲೆ ಮಗಳು ಪ್ರಿಯಾ, ಜಾಗ ಉಳಿದರೆ ಹೆಂಡತಿ ಶಾಂತಕುಮಾರಿ.

ಪ್ರಿಯಾ ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ಒಂದು ಸಂಜೆ ಅವಳು ಹಾಡಿಕೊಂಡೇ ಮನೆಗೆ ಬಂದಳು.

"ಏನಮ್ಮಾ, ಭಾರಿ ಖುಷಿ? ಇವತ್ತು ಏನ್ ಪಾಠ ಆಯ್ತು?" ಅಂದ ಮುತ್ತುರಾಜ.

"ಕನ್ನಡ ಆಯ್ತು, ಸಮಾಜ ಆಯ್ತು. ಲೆಕ್ಕದ ಪೀರಿಯಡ್‌ನಲ್ಲಿ ಅಂತ್ಯಾಕ್ಷರಿ."

"ಲೆಕ್ಕದಲ್ಲಿ ಅಂತ್ಯಾಕ್ಷರಿನಾ?"

"ದಿನಾ ಅದೇ ಅಪ್ಪ. ಲೆಕ್ಕದ ಮೇಷ್ಟ್ರು ವರ್ಗ ಆಗಿ ಹೋದ್ರಲ್ಲ, ಬೇರೆಯವ್ರು ಬಂದೇ ಇಲ್ಲ. ನಮ್ ಟೀಮೇ ಫಸ್ಟು!"

ಮುತ್ತುರಾಜ ನಕ್ಕುಬಿಟ್ಟ. ಶಾಂತಕುಮಾರಿ ನಗಲಿಲ್ಲ. ಅವಳು ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್, ಎಲ್ಲಿ ಕೆಲಸ ಆಗಿಲ್ಲ ಅನ್ನುವುದು ಅವಳ ಕಣ್ಣಿಗೆ ಬೇಗ ಬೀಳುತ್ತದೆ.

"ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ? ಹೇಳೇ ನೋಡೋಣ."

"ನಾಲ್ಕನೇ ಒಂದು. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ?"

ಅಮ್ಮನ ಮುಖ ನೋಡಿಯೇ ಪ್ರಿಯಾಗೆ ಉತ್ತರ ತಪ್ಪೆಂದು ಗೊತ್ತಾಯಿತು. ಹಾಡು ನಿಂತುಹೋಯಿತು. ಚೀಲ ಮೂಲೆಗೆ ತಳ್ಳಿ, "ಅಪ್ಪ, ಮುಂದಿನ್ ವರ್ಷ ನಾನು ಹೈಸ್ಕೂಲಿಗೆ ಹೋಗಲ್ಲ. ಲೆಕ್ಕ ಬರದವ್ರನ್ನ ನೋಡಿ ಅಲ್ಲಿ ಎಲ್ರೂ ನಗ್ತಾರಂತೆ. ನಿನ್ ಜೊತೆ ವೈರ್ ಸುತ್ತೋಕೆ ಬರ್ತೀನಿ. ಅದು ನಂಗೆ ಬರತ್ತೆ" ಅಂದಳು.

ಆ ಹೊತ್ತು ಮುತ್ತುರಾಜ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಸಾಬಿರಾಗೆ ಇದೆಲ್ಲ ಕೇಳಿಸಿತ್ತು. ನಮ್ಮ ಬೀದಿಯ ಗೋಡೆಗಳೇ ಹಾಗೆ. ಸಾಬಿರಾಳ ಮಗ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಅವಳು ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಬೇಕು ಬೇಡ ನೋಡಿಕೊಳ್ಳಲು ಪೋಷಕರಲ್ಲೇ ಆರಿಸಿ ಮಾಡಿದ ಸಮಿತಿಯಲ್ಲಿ, ಸದಸ್ಯೆ. ಬಾಗಿಲಿಗೆ ಬಂದು ನಿಂತಳು.

"ಮುತ್ತಣ್ಣ, ಶನಿವಾರ ಪೋಷಕರ ಸಭೆ ಇದೆ. ಎದ್ದು ಕೇಳ್ಬಿಡಿ."

"ಅಯ್ಯೋ ಆಪಾ, ನಾನ್ ಓದಿರೋದೇ ಐದನೇ ಕ್ಲಾಸು. ಮೇಡಂ ಮುಂದೆ ಏನಂತ ಮಾತಾಡ್ಲಿ?"

"ಅಡುಗೆ ಬರದವ್ರಿಗೂ ಸಾರಲ್ಲಿ ಉಪ್ಪಿಲ್ಲ ಅಂತ ಗೊತ್ತಾಗತ್ತಲ್ವಾ? ಅಷ್ಟು ಹೇಳಿ ಸಾಕು."

"ಮೇಡಂ ಸಿಟ್ಟಾಗಿ ಮಗೂನ ಲೆಕ್ಕದಲ್ಲಿ ಫೇಲ್ ಮಾಡ್ಬಿಟ್ರೆ?"

"ಲೆಕ್ಕ ಹೇಳೋರೇ ಇಲ್ಲ, ಲೆಕ್ಕದಲ್ಲಿ ಫೇಲ್ ಮಾಡೋರು ಯಾರು?"

"ಬಿಟ್ಟಿ ಸ್ಕೂಲು ಆಪಾ. ಪುಸ್ತಕ ಕೊಡ್ತಾರೆ, ಊಟ ಹಾಕ್ತಾರೆ, ಹಾಲೂ ಕೊಡ್ತಾರೆ. ಅದರ ಮೇಲೆ ಇನ್ನೂ ಕೇಳಿದ್ರೆ ಚೆನ್ನಾಗಿರತ್ತಾ?"

ಸಾಬಿರಾ ಸೊಂಟಕ್ಕೆ ಕೈ ಇಟ್ಟಳು. "ಅರೆ, ಬಿಟ್ಟಿ ಅಂತ ಯಾರಂದ್ರು? ಸೋಪು ತಗೊಂಡ್ರೂ ಟ್ಯಾಕ್ಸ್ ಕಟ್ತೀರಿ, ನಿಮ್ ವೈರ್ ತಗೊಂಡ್ರೂ ಕಟ್ತೀರಿ. ಮಕ್ಕಳ ಓದು ಯಾರೋ ಕೊಡೋ ದಾನ ಅಲ್ಲ ಮುತ್ತಣ್ಣ, ಕಾನೂನಲ್ಲಿರೋ ಹಕ್ಕು. ಮೇಷ್ಟ್ರ ಜಾಗ ಖಾಲಿ ಇದ್ರೆ ಅತಿಥಿ ಶಿಕ್ಷಕರನ್ನ ಹಾಕೋಕೆ ಇಲಾಖೆಯಲ್ಲಿ ದಾರಿ ಇದೆ. ಆದ್ರೆ ಬೇಕು ಅಂತ ನಾವು ಕೇಳ್ಬೇಕು."

"ಹಾಗಾದ್ರೆ ನೀವೇ ಕೇಳಿ. ಕಮಿಟಿಲಿ ಇದೀರಲ್ಲ."

"ಕೇಳ್ದೆ. 'ಏಳನೇ ಕ್ಲಾಸಿನವ್ರೇ ಸುಮ್ನಿದಾರೆ, ಮೂರನೇ ಕ್ಲಾಸಿನ ನಿಮಗ್ಯಾಕಮ್ಮ?' ಅಂದ್ರು ಬೇರೆ ಮೆಂಬರ್ಸು."

ಶನಿವಾರ ಶಾಂತಕುಮಾರಿಗೆ ಡ್ಯೂಟಿ, ಸಭೆಗೆ ಇವನೇ ಹೋಗಬೇಕು. ಸರಿ, ಮನೆಯಲ್ಲೇ ಅಭ್ಯಾಸ ಶುರುವಾಯಿತು. ಶಾಂತಕುಮಾರಿ ಅತ್ತೆಯ ಹಳೇ ಕನ್ನಡಕ ಹಾಕಿಕೊಂಡು ಹೆಡ್ ಮೇಡಂ ಆಗಿ ಕುರ್ಚಿಯಲ್ಲಿ ಕೂತಳು. ಮುತ್ತುರಾಜ ಸೌಟು ಹಿಡಿದು ನಿಂತ.

"ಹಲೋ. ಹಲೋ."

"ಕೇಳಿಸ್ತಿದೆ ರೀ. ಮುಂದೆ ಹೇಳಿ."

"ಬೇಸ್ ಸ್ವಲ್ಪ ಜಾಸ್ತಿ ಮಾಡ್ಲಾ ಮೇಡಂ?"

ಶಾಂತಕುಮಾರಿ ಕನ್ನಡಕ ತೆಗೆದು ಆ ಸೌಟನ್ನು ಕಿತ್ತುಕೊಂಡಳು. ಅಲ್ಲಿಗೆ ಅಭ್ಯಾಸ ಮುಗಿಯಿತು.

ಶನಿವಾರ ಸಭೆ. ಹೆಡ್ ಮೇಡಂ ಎಂದಿನಂತೆ, "ಯಾರಿಗಾದರೂ ಏನಾದರೂ ಕೇಳುವುದಿದೆಯಾ?" ಅಂದರು. ಎಲ್ಲರೂ ಫ್ಯಾನ್ ನೋಡಿದರು. ಮುತ್ತುರಾಜ ಎದ್ದ! ಅವನು ಮುಂದೆ ಹೋಗಿ ಮೇಡಂ ಮುಂದಿದ್ದ ಮೈಕ್ ಹಿಡಿದು, ಬೆರಳಿಂದ ತಟ್ಟಿ, "ಹಲೋ, ಚೆಕ್, ಒನ್, ಟೂ, ತ್ರೀ" ಅಂದ. ಸ್ಟ್ಯಾಂಡಿನ ತಿರುಪು ಬಿಗಿ ಮಾಡಿದ. ಮೈಕನ್ನು ಮೇಡಂ ಕೈಗೆ ಕೊಟ್ಟು, "ಈಗ ಸರಿ ಇದೆ ಮೇಡಂ, ಮಾತಾಡಿ" ಅಂದು ಬಂದು ಕೂತುಬಿಟ್ಟ.

ಸಭೆಗೆ ಸಭೆಯೇ ನಕ್ಕಿತು. ಕಿಟಕಿಯಿಂದ ಇಣುಕುತ್ತಿದ್ದ ಮಕ್ಕಳೂ ನಕ್ಕರು. ಪ್ರಿಯಾ ಮಾತ್ರ ನಗದೆ ತಲೆ ತಗ್ಗಿಸಿ ಹೊರಟುಹೋದಳು. ಮುತ್ತುರಾಜನಿಗೆ ನಾಚಿಕೆಯಾಯಿತು, ನಿಜವಾಗಿಯೂ ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆ.

ವಾಪಸ್ ಬರುವಾಗ ಸಾಬಿರಾ ಬೈಯಲಿಲ್ಲ. "ಒಂದ್ ಮಾತು ಕೇಳ್ತೀನಿ. ಟೆಸ್ಟಿಂಗ್ ಮಾಡುವಾಗ ನಿಮ್ಗೆ ಭಯ ಆಗಲ್ವಾ?"

"ಇಲ್ಲ ಆಪಾ. ಆಗ ನಾನು ಜನರನ್ನ ನೋಡಲ್ಲ, ಹಾರ್ನ್ ಸ್ಪೀಕರ್ ನೋಡ್ತಿರ್ತೀನಿ. ಅದು ಮಾತೂ ಅಲ್ಲ, ಬರೀ ಟೆಸ್ಟಿಂಗು."

"ಹಾಗಾದ್ರೆ ಮಾತು ಯಾಕೆ? ಟೆಸ್ಟಿಂಗೇ ಮಾಡಿ."

"ಹೋಗಿ ಆಪಾ, ನಿಮ್ಗೆ ತಮಾಷೆ" ಅಂದ ಮುತ್ತುರಾಜ.

ಕನ್ನಡ ರಾಜ್ಯೋತ್ಸವ ಬಂತು. ಶಾಲೆಯಲ್ಲಿ ಬಾವುಟ, ರಂಗೋಲಿ. ಮೈಕ್ ಸೆಟ್ ಪ್ರತಿ ವರ್ಷದಂತೆ ಮುತ್ತುರಾಜನದೇ. ಶಿಕ್ಷಣ ಇಲಾಖೆಯ ಅಧಿಕಾರಿಗಳು ಬಂದು ಹೆಡ್ ಮೇಡಂ ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಪ್ರಿಯಾ ಅಪ್ಪನಿಗೆ ಸಹಾಯಕ್ಕೆಂದು ಉಳಿದ ವೈರನ್ನು ಮೊಣಕೈಗೆ ಸುತ್ತುತ್ತಿದ್ದಳು. ಒಂದು ಗಂಟಿಲ್ಲ, ಒಂದು ತಿರುಚಿಲ್ಲ, ಪಕ್ಕಾ ಕೆಲಸಗಾರಳ ಹಾಗೆ.

ಮುತ್ತುರಾಜ ಅದನ್ನು ನೋಡಿದ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಈ ಹುಡುಗಿಯ ಕೈ ಈ ವೈರಿನಲ್ಲೇ ಇರುತ್ತದೆ ಅನ್ನಿಸಿತು. ಮೈಕ್ ಎತ್ತಿಕೊಂಡ. ಮರಕ್ಕೆ ಕಟ್ಟಿದ್ದ ಹಾರ್ನ್ ಕಡೆ ತಿರುಗಿ ನಿಂತ.

"ಹಲೋ, ಹಲೋ, ಮೈಕ್ ಟೆಸ್ಟಿಂಗ್. ಏಳನೇ ಕ್ಲಾಸು, ಹಲೋ, ಲೆಕ್ಕದ ಮೇಷ್ಟ್ರು ಇಲ್ಲ. ಚೆಕ್, ಚೆಕ್. ಲೆಕ್ಕದ ಪೀರಿಯಡ್‌ನಲ್ಲಿ ಅಂತ್ಯಾಕ್ಷರಿ ನಡೀತಿದೆ. ಹಲೋ, ನಮ್ ಹುಡುಗಿ ಫಸ್ಟ್ ಬಂದಿದಾಳೆ. ಚೆಕ್. ಒನ್, ಟೂ, ತ್ರೀ. ಒನ್, ಟೂ, ತ್ರೀ ತನಕ ನಾನೇ ಹೇಳ್ಕೊಡ್ತೀನಿ ಸ್ವಾಮಿ. ಅದರ ಮುಂದಿನದಕ್ಕೆ ಮೇಷ್ಟ್ರು ಬೇಕು!"

ಬೀದಿಯ ಆ ತುದಿಯವರೆಗೆ ಕೇಳಿಸಿತು. ಪಾನಿಪೂರಿ ಗಾಡಿಯವನು ಓಡಿ ಬಂದ. ಟೀ ಲೋಟ ಹಿಡಿದೇ ಅಧಿಕಾರಿಗಳು ಹೊರಗೆ ಬಂದರು, ಹಿಂದೆಯೇ ಹೆಡ್ ಮೇಡಂ.

"ಯಾರ್ರೀ ಅದು ಮಾತಾಡಿದ್ದು?" ಅಂದರು ಅಧಿಕಾರಿಗಳು.

ಮುತ್ತುರಾಜ ಆಗಲೇ ಬಾಕ್ಸಿನ ಹಿಂದೆ. "ಮಾತಲ್ಲ ಸಾರ್, ಟೆಸ್ಟಿಂಗು" ಅಂತ ಅಲ್ಲಿಂದಲೇ ದನಿ ಬಂತು.

"ಹೊರಗೆ ಬಂದು ಸರಿಯಾಗಿ ಹೇಳಿ" ಅಂದರು ಮೇಡಂ. ಅವನು ಬಂದು ಮೈಕ್ ಹಿಡಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮೈಕ್ ಸತ್ತಿತು. ಮುತ್ತುರಾಜ ಅಭ್ಯಾಸಬಲದಿಂದ ವೈರ್ ನೋಡಲು ಬಗ್ಗಿದ.

ಅವತ್ತು ರಜೆಯಿದ್ದ ಶಾಂತಕುಮಾರಿ ಜನರ ಮಧ್ಯದಿಂದ ಕೂಗಿದಳು. "ರೀ, ವೈರ್ ಬಿಡಿ. ಬಾಯಿ ಚೆನ್ನಾಗೇ ಇದೆ!"

ಮುತ್ತುರಾಜ ನೆಟ್ಟಗೆ ನಿಂತ. ಹಾರ್ನ್ ಬಿಟ್ಟು ಮೊದಲ ಸಲ ಜನರ ಮುಖ ನೋಡಿದ. "ಸಾರ್, ನಾನು ಓದಿಲ್ಲ. ನನ್ ಮಗಳು ಓದ್ಬೇಕು. ಲೆಕ್ಕ ಬರಲ್ಲ ಅಂತ ಅವಳು ಹೈಸ್ಕೂಲಿಗೇ ಹೋಗಲ್ಲ ಅಂತಿದಾಳೆ. ತಪ್ಪು ಅವಳದಲ್ಲ. ಒಬ್ಬರು ಲೆಕ್ಕದ ಮೇಷ್ಟ್ರನ್ನ ಕೊಡಿ. ಅಷ್ಟೇ ಸಾರ್."

ಆಮೇಲೆ ಹಿಂದಿನ ಸಾಲಿನಿಂದ, ಮೊಮ್ಮಗನನ್ನು ಸಾಕುತ್ತಿರುವ ದೊಡ್ಡಮುನಿಯಮ್ಮ ಅನ್ನುವ ಅಜ್ಜಿ ಎದ್ದಿತು. ಇಲ್ಲಿ ಮಾತಾಡಬೇಕಾದರೆ ಹೀಗೇ ಶುರು ಮಾಡಬೇಕು ಅಂದುಕೊಂಡಿತೋ ಏನೋ, ಮುಷ್ಟಿಯನ್ನು ಬಾಯಿಗೆ ಹಿಡಿದು, "ಅಲೋ, ಅಲೋ! ನಮ್ ಹುಡುಗನ್ಗೂ ಲೆಕ್ಕ ಬರಾಕಿಲ್ಲ ಸ್ವಾಮಿ!" ಅಂದಿತು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಹೆದರಿಕೆ ಬಿಟ್ಟುಹೋಯಿತು. ಇನ್ನೊಬ್ಬರು ಎದ್ದರು. "ಹಲೋ, ನಮ್ ಮಗಳಿಗೂ ಸಾರ್." ಮತ್ತೊಬ್ಬರು, "ಹಲೋ, ಚೆಕ್, ಶೌಚಾಲಯಕ್ಕೆ ನೀರೂ ಬೇಕು!"

"ಏನ್ರೀ ಮೇಡಂ, ನೀವು ನಮಗೆ ಬರೀಲಿಲ್ವಾ?" ಅಂದರು ಅಧಿಕಾರಿಗಳು.

"ಬರೆದಿದ್ದೆ ಸಾರ್. ಪೋಷಕರು ಕೇಳ್ತಿದಾರಾ ಅಂತ ಆಫೀಸಿನಿಂದ ಫೋನ್ ಬಂತು. ಏಳನೇ ಕ್ಲಾಸಿನವ್ರು ಯಾರೂ ಕೇಳೇ ಇರಲಿಲ್ಲ, ಏನಂತ ಹೇಳ್ಲಿ?" ಮೇಡಂ ಮುತ್ತುರಾಜನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಇಷ್ಟು ದಿನ ಎಲ್ಲಿದ್ರಿ ನೀವು?"

"ಬಾಕ್ಸ್ ಹಿಂದೆ ಮೇಡಂ."

ಅಧಿಕಾರಿಗಳೂ ನಕ್ಕುಬಿಟ್ಟರು. ಆದರೆ ಸಾಬಿರಾ ಅದನ್ನು ನಗುವಿಗೇ ಬಿಡಲಿಲ್ಲ. ಮಾರನೇ ದಿನವೇ ಏಳನೇ ಕ್ಲಾಸಿನ ಪೋಷಕರನ್ನೆಲ್ಲ ಸೇರಿಸಿ ಮನವಿ ಬರೆಸಿ, ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು, ಇಲಾಖೆಗೆ ತಲುಪಿಸಿದಳು. ಏನಾಯಿತು ಅಂತ ಬಿಡದೆ ವಿಚಾರಿಸಿದಳು. ಕಾರ್ತಿಕ ಮುಗಿಯುವ ಮೊದಲು ಸುಗತ ಅಂತ ಒಬ್ಬರು ಅತಿಥಿ ಶಿಕ್ಷಕರು ಬಂದರು. ಮೊದಲ ದಿನವೇ ಭಿನ್ನರಾಶಿ ಶುರು. ಅಂತ್ಯಾಕ್ಷರಿ ಬಂದ್.

ಮೊನ್ನೆ ಊಟಕ್ಕೆ ಕೂತಾಗ ಪ್ರಿಯಾ ತಾನಾಗಿಯೇ ಹೇಳಿದಳು. "ಅಮ್ಮ, ಮೂರನೇ ಒಂದೇ ದೊಡ್ಡದು. ಅವತ್ತು ತಪ್ಪು ಹೇಳಿದ್ದೆ."

ಶಾಂತಕುಮಾರಿ ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಮುತ್ತುರಾಜ ಸುಮ್ಮನೆ ಪರೀಕ್ಷೆ ಮಾಡೋಣ ಅಂತ, "ಪುಟ್ಟಿ, ನಾಳೆ ಹಲಸೂರಲ್ಲಿ ಮದುವೆ ಇದೆ, ವೈರ್ ಸುತ್ತೋಕೆ ಬರ್ತೀಯಾ?" ಅಂದ.

"ಹೋಂವರ್ಕ್ ಇದೆ ಅಪ್ಪ. ನೀನೇ ಸುತ್ಕೋ."

ಜೀವನದಲ್ಲಿ ಯಾರಾದರೂ ಎದುರುತ್ತರ ಕೊಟ್ಟಾಗ ಮುತ್ತುರಾಜ ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಈಗ ನಿಮ್ಮ ಸರದಿ. ನಿಮ್ಮ ಮಕ್ಕಳ ಶಾಲೆಯಲ್ಲಿ ಎಸ್‌ಡಿಎಂಸಿ ಸದಸ್ಯರು ಯಾರು ಅಂತ ತಿಳಿದುಕೊಳ್ಳಿ. ಮುಂದಿನ ಪೋಷಕರ ಸಭೆಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮಕ್ಕಳಿಗೆ ಏನು ಸಿಗುತ್ತಿಲ್ಲ ಅನ್ನುವುದನ್ನು ಎದ್ದು ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಕೇಳಿದ್ದನ್ನು ಬರೆದು ಕೊಡಿ, ಏನಾಯಿತು ಅಂತ ಮತ್ತೆ ವಿಚಾರಿಸಿ. ಚೆನ್ನಾಗಿ ಮಾತಾಡಲು ಬರಬೇಕೆಂದಿಲ್ಲ, ಗಂಟಲು ಕಟ್ಟಿದರೆ ಒಂದು ಸಲ "ಹಲೋ" ಅನ್ನಿ, ಉಳಿದದ್ದು ತಾನಾಗಿ ಬರುತ್ತದೆ.

ಗೇಟಿನ ಹೊರಗೆ ಆಡುವ ಮಾತನ್ನು ಗೇಟಿನ ಒಳಗೆ ಆಡಿ. ಪಾನಿಪೂರಿ ಗಾಡಿಯವನು ಕೇಳಿ ಕೇಳಿ ಸಾಕಾಗಿದ್ದಾನೆ.