ಮಗಳ ಕೌಂಟರಿನ ಸಾಲು

ನನ್ನ ಮಗಳು ಬಟ್ಟೆ ಮಡಚುವುದನ್ನು ನೋಡುತ್ತ ಕೂತರೆ ಎಂಥವರಿಗೂ ತೂಕಡಿಕೆ ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿರುತ್ತಾರೆ. ಮೊದಲು ಕಾಲರ್ ನೆಟ್ಟಗೆ ಮಾಡಬೇಕು, ಗುಂಡಿಗಳ ಮೇಲೆ ಒಮ್ಮೆ ಬೆರಳಾಡಿಸಬೇಕು, ತೋಳುಗಳನ್ನು ಬೆನ್ನಿಗೆ ಸೇರಿಸಬೇಕು, ಆಮೇಲೆ ಮಡಿಕೆ. ಹಾಗೆ ಕಲಿಸಿದವಳು ನಾನೇ. ಮನೆಯಲ್ಲಿ ಅದು ಒಳ್ಳೆಯ ಗುಣ. ಅವಳು ಹೊಸದಾಗಿ ಸೇರಿದ್ದ ದೊಡ್ಡ ಅಂಗಡಿಯ ಬಿಲ್ ಕೌಂಟರಿನಲ್ಲಿ ಮಾತ್ರ ಅದೇ ಅವಳಿಗೆ ಮುಳುವಾಗಿತ್ತು.

ಬಟ್ಟೆ, ಪಾತ್ರೆ, ಹಾಸಿಗೆ, ಆಟಿಕೆ ಎಲ್ಲವೂ ಒಂದೇ ಸೂರಿನ ಕೆಳಗೆ ಸಿಗುವ ಅಂಗಡಿ ಅದು. ಮಗಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಕಾಯಂ ಮಾಡುವ ಮೊದಲು ಒಂದು ದಿನ ಸೂಪರ್‌ವೈಸರ್ ಹತ್ತಿರದಲ್ಲೇ ನಿಂತು, ಒಬ್ಬೊಬ್ಬ ಗಿರಾಕಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತಾರಂತೆ. ಅದಲ್ಲದೆ ಪ್ರತಿ ಕೌಂಟರಿನ ತುದಿಯಲ್ಲೂ ಒಂದು ಪುಟ್ಟ ಯಂತ್ರ. ಅದರಲ್ಲಿ ಮೂರು ಗುಂಡಿ: ನಗುವ ಮುಖ, ಸುಮ್ಮನಿರುವ ಮುಖ, ಸಿಟ್ಟಿನ ಮುಖ. ಗಿರಾಕಿಗಳು ಹೋಗುವಾಗ ಒಂದನ್ನು ಒತ್ತಿ ಹೋಗುತ್ತಾರೆ.

"ನನ್ನ ಯಂತ್ರದಲ್ಲಿ ಸಿಟ್ಟಿನ ಮುಖದ ಬಣ್ಣಾನೇ ಸವೆದು ಹೋಗಿದೆ ಅಮ್ಮ," ಎಂದಳು ಪರೀಕ್ಷೆಯ ಹಿಂದಿನ ಸಂಜೆ.

"ಸವೆಯದೆ ಇನ್ನೇನು? ಆಮೆಮರೀನ ತಂದು ಕೂರಿಸಿದ್ರೆ ಅದು ಕುದುರೆ ಥರ ಓಡುತ್ತಾ?" ಎಂದರು ಅತ್ತೆ.

"ದಿನಾ ಬೆಳಿಗ್ಗೆ ನಿನ್ನ ಹಲ್ಲಿನ ಸೆಟ್ ಹುಡುಕಿಕೊಡೋದು ಈ ಆಮೆಮರೀನೇ ಅಜ್ಜಿ."

"ಅದೂ ನಿಧಾನಾನೇ. ನಿನ್ನೆ ನೀನು ಹುಡುಕೋ ಹೊತ್ತಿಗೆ ನನ್ನ ತಿಂಡಿ ಆರಿ ತಣ್ಣಗಾಗಿತ್ತು."

ಮಗಳು ನಕ್ಕಳು. ಆದರೆ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯಿತು. ಎಷ್ಟೋ ಕಡೆ ಹೋಗಿ ಬಂದ ಮೇಲೆ 'ಬಾ' ಅಂದ ಮೊದಲ ಜಾಗ ಅದು. ಬೆಳಿಗ್ಗೆ ಅಂಗಡಿಯ ನೀಲಿ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುವುದನ್ನು ನಾನು ಅಡುಗೆಮನೆಯಿಂದಲೇ ನೋಡುತ್ತಿದ್ದೆ. ಆ ಕೋಟು ಅವಳಿಂದ ಹೋಗಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಮಾರನೆಯ ದಿನ ಒಲೆ ಒರೆಸಿ, ಒದ್ದೆ ಬಟ್ಟೆ ಹರವಿ, ಅತ್ತೆಗೆ ಊಟ ಬಡಿಸಿ, ಯಾರಿಗೂ ಹೇಳದೆ ಅಂಗಡಿಗೆ ಹೊರಟೆ. ನನ್ನ ಉಪಾಯ ಸರಳ. ಏನಾದರೂ ಚಿಕ್ಕದು ಕೊಳ್ಳುವುದು, ಅವಳ ಸಾಲಿನಲ್ಲೇ ನಿಲ್ಲುವುದು, ಹೋಗುವಾಗ ನಗುವ ಮುಖವನ್ನು ಗಟ್ಟಿಯಾಗಿ ಒತ್ತುವುದು. ಎರಡು ಟವೆಲ್ ತೆಗೆದುಕೊಂಡೆ. ಅವಳ ಕೌಂಟರ್ ಯಾವುದೆಂದು ಕೇಳಬೇಕಾಗಲಿಲ್ಲ. ಎಲ್ಲಕ್ಕಿಂತ ಉದ್ದದ ಸಾಲು ಅವಳದೇ.

ನನ್ನ ಹಿಂದೆ ತುಂಬಿ ತುಳುಕುವ ಟ್ರಾಲಿ ಹಿಡಿದ ಒಬ್ಬ ಹೆಂಗಸು ಬಂದು ನಿಂತರು. ಸ್ವಲ್ಪ ಹೊತ್ತಿಗೆಲ್ಲ ಕೀಲಿಗೊಂಚಲಿನಿಂದ ಟ್ರಾಲಿಯ ಕಂಬಿಯನ್ನು ಟಕಟಕ ಬಡಿಯತೊಡಗಿದರು.

"ಈ ಹುಡುಗಿ ಬಿಲ್ ಮಾಡ್ತಿದಾಳೋ, ಮಗೂಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸ್ತಿದಾಳೋ?"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಹೆಗ್ಗಣವನ್ನು ಊರವರು ಬೈಯುವುದನ್ನು ಹೆತ್ತವಳು ಸಾಲಿನಲ್ಲಿ ನಿಂತು, ಮುಖ ಗಂಟಿಕ್ಕದೆ ಕೇಳಿಸಿಕೊಳ್ಳಬೇಕಾದರೆ ಎಷ್ಟು ಕಷ್ಟ ಎಂದು ಮಾತ್ರ ಯಾರೂ ಹೇಳಿಲ್ಲ.

ಮಗಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ತಡ ಎಲ್ಲಿ ಆಗುತ್ತದೆಂದು ನಿಂತಲ್ಲಿಂದಲೇ ಕಾಣುತ್ತಿತ್ತು. ಒಂದು ಬಟ್ಟೆಗೆ ಬೆಲೆಚೀಟಿ ಕತ್ತಿನ ಹತ್ತಿರ, ಇನ್ನೊಂದಕ್ಕೆ ಕಂಕುಳಲ್ಲಿ, ಮತ್ತೊಂದಕ್ಕೆ ಜೇಬಿನೊಳಗೆ. ಹ್ಯಾಂಗರುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬರುತ್ತಿದ್ದವು. ಚೀಟಿ ಹುಡುಕಿ, ಹ್ಯಾಂಗರ್ ಬಿಡಿಸಿ, ಬಿಲ್ ಮಾಡಿದ ಮೇಲೆ ಅವಳು ನಾನು ಕಲಿಸಿದ ಹಾಗೆ ಕಾಲರಿನಿಂದ ಶುರು ಮಾಡುತ್ತಿದ್ದಳು. ಒಬ್ಬಾತನ ಮಗುವಿನ ಜಾಕೆಟ್ ಎತ್ತಿಕೊಂಡು, "ಸಾರ್, ಇದರ ಜಿಪ್ ಕೆಳಗಡೆ ಕಚ್ಕೊಳ್ತಿದೆ. ಬೇರೆ ತಂದ್ಕೊಂಡ್ಬಿಡಿ," ಎಂದಳು. ಆತ ಓಡಿದ. ಸಾಲು ನಿಟ್ಟುಸಿರು ಬಿಟ್ಟಿತು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಸೂಪರ್‌ವೈಸರ್, ಕನ್ನಡಕದ ಎತ್ತರದ ಹೆಂಗಸು, ಕೈಯಲ್ಲಿದ್ದ ಫೋನಿನ ಗಡಿಯಾರ ನೋಡಿದರು.

ನನ್ನ ಸರದಿ ಬಂತು. ಮಗಳಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಸಾಮಾನು ನೋಡುವ ಅಭ್ಯಾಸ. ಒಂದು ಟವೆಲ್ ಬಿಲ್ ಮಾಡಿದ ಮೇಲೆ ತಲೆಯೆತ್ತಿದಳು.

"ಅಮ್ಮ. ನೀನ್ಯಾಕೆ ಇಲ್ಲಿ?"

"ಶ್, ನಾನು ಯಾರೋ ಗಿರಾಕಿ. ಇನ್ನೊಂದು ಟವೆಲ್ಲಿಗೂ ಬಿಲ್ ಹೊಡಿ, ನಗುವ ಮುಖ ಒತ್ತಿ ಹೋಗ್ತೀನಿ."

"ಮನೆಯವರ ಬಿಲ್ ನಾವು ಮಾಡೋ ಹಾಗಿಲ್ಲಮ್ಮ. ಮೇಲಿನವರೇ ಮಾಡ್ಬೇಕು."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

"ಸರಿ, ಟವೆಲ್ಲೇ ಬೇಡ. ಇಟ್ಟು ಹೋಗ್ತೀನಿ ಬಿಡು."

"ಒಂದು ಹೊಡೆದುಬಿಟ್ಟಿದೀನಿ. ಬಿಲ್ಲಿಂದ ತೆಗೆಯೋಕೂ ಮೇಲಿನವರ ಕಾರ್ಡೇ ಬೇಕು."

ಅವಳು ಮೇಲಿನವರನ್ನು ಕರೆಯುವ ಗುಂಡಿ ಒತ್ತಿದಳು. ತಲೆಯ ಮೇಲೆ ಕೆಂಪು ದೀಪ ಹತ್ತಿತು. ಸೂಪರ್‌ವೈಸರ್ ಬಂದು ವಿಷಯ ಕೇಳಿ, ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿ, "ಕಾರ್ಡು ಮೇಲೆ ಆಫೀಸಲ್ಲಿದೆ, ತರ್ತೀನಿ," ಎಂದು ಮೆಟ್ಟಿಲ ಕಡೆ ನಡೆದರು. ಫೋನಿನ ಗಡಿಯಾರ ಮಾತ್ರ ಅವರ ಜೊತೆ ಓಡುತ್ತಲೇ ಇತ್ತು.

ಮಗಳಿಗೆ ಒತ್ತಾಸೆಯಾಗಲೆಂದು ಬಂದವಳು ಅವಳ ದಾರಿಗೆ ಅಡ್ಡ ಮಲಗಿದ ಹಾಗಾಗಿತ್ತು.

"ಈಗ ಮತ್ತೇನಂತೆ?" ಎಂದರು ಹಿಂದಿನವರು.

ನಾನು ತಿರುಗಿದೆ. "ತಪ್ಪು ಅವಳದಲ್ಲ, ನನ್ನದು. ನಾನು ಅವಳ ತಾಯಿ. ಗೊತ್ತಿಲ್ಲದೆ ಬಂದು ನಿಂತೆ."

ಕೀಲಿಗೊಂಚಲು ಸುಮ್ಮನಾಯಿತು. ಎಣ್ಣೆಸ್ನಾನದ ಮಾತು ನೆನಪಾಗಿರಬೇಕು, ಅವರು ನೆಲ ನೋಡಿದರು. ಆಗ ನನ್ನ ಕಣ್ಣು ಅವರ ಟ್ರಾಲಿಯ ಮೇಲೆ ಬಿತ್ತು. ಹ್ಯಾಂಗರುಗಳ ಗೋಜಲು, ಒಂದು ಚೀಟಿಯೂ ಕಾಣುತ್ತಿರಲಿಲ್ಲ. ಶಾಲೆಗೆ ಹೊರಟ ಮಕ್ಕಳ ಗುಂಡಿ ಹಾಕಿ ಸಾಲಾಗಿ ನಿಲ್ಲಿಸಿ ಅಭ್ಯಾಸವಾದ ಕೈ ಸುಮ್ಮನಿರಲಿಲ್ಲ.

"ಅಷ್ಟರಲ್ಲಿ ಇವನ್ನ ಸರಿ ಮಾಡೋಣ್ವಾ? ಹ್ಯಾಂಗರ್ ಬಿಡಿಸಿ, ಚೀಟಿ ಮೇಲೆ ಕಾಣೋ ಹಾಗೆ ಇಟ್ಬಿಡೋಣ."

"ಅವಳ ಕೆಲಸ ನಾನ್ಯಾಕೆ ಮಾಡ್ಲಿ?"

"ಅವಳಿಗೋಸ್ಕರ ಬೇಡ. ನೀವು ಬೇಗ ಮನೆ ಸೇರ್ತೀರಲ್ಲ, ಅದಕ್ಕೆ."

ಅವರು ಗೊಣಗುತ್ತಲೇ ಒಂದು ಅಂಗಿ ಎತ್ತಿಕೊಂಡರು. ಇಬ್ಬರೂ ಸೇರಿ ಟ್ರಾಲಿ ಮುಗಿಸುವ ಹೊತ್ತಿಗೆ ಅವರ ಹಿಂದಿನ ಅಜ್ಜ ತಮ್ಮ ಪ್ಯಾಂಟಿನ ಚೀಟಿ ಹುಡುಕುತ್ತಿದ್ದರು. ಅವರಾಚೆಯ ಯುವಕನ ಬುಟ್ಟಿಗೆ ನಾನು ಕೈ ಹಾಕಲು ಹೋದಾಗ ಅವನು ಬುಟ್ಟಿಯನ್ನು ಎದೆಗೆ ಅವಚಿಕೊಂಡ. "ಇದರಲ್ಲಿ ಬರೀ ಒಳಉಡುಪು ತಾಯಿ. ನಾನೇ ಮಾಡ್ಕೊಳ್ತೀನಿ," ಎಂದ. ಸಾಲಿಗೆ ಸಾಲೇ ನಕ್ಕಿತು. ಮಗಳೂ ನಕ್ಕಳೋ ಏನೋ, ನಾನು ತಿರುಗಿ ನೋಡಲಿಲ್ಲ.

ಸೂಪರ್‌ವೈಸರ್ ಬಂದು ನನ್ನ ಟವೆಲ್ ಬಿಲ್ ಮಾಡಿದರು. ನಾನು ಮುಖ ಒತ್ತುವುದನ್ನೂ ಮರೆತು ಪಕ್ಕಕ್ಕೆ ಸರಿದು ನಿಂತೆ. ಆಮೇಲೆ ಸಾಲು ನೀರಿನ ಹಾಗೆ ಹರಿಯಿತು. ಚೀಟಿಗಳೆಲ್ಲ ಮೇಲಕ್ಕೆ ಮುಖ ಮಾಡಿ ಬರುತ್ತಿದ್ದವು, ಮಗಳು ಬಿಲ್ ಹೊಡೆದು, ಮಡಚಿ, ಚೀಲಕ್ಕೆ ಹಾಕುತ್ತಿದ್ದಳು. ಕೀಲಿಗೊಂಚಲಿನವರು ಹೋಗುವಾಗ ಯಂತ್ರದ ಮುಂದೆ ಒಂದು ಗಳಿಗೆ ಯೋಚಿಸಿ ಸುಮ್ಮನಿರುವ ಮುಖ ಒತ್ತಿದರು. ಅವರ ಕೈಯಿಂದ ಅಷ್ಟು ಬಂದದ್ದೇ ದೊಡ್ಡದು.

ಕೊನೆಯ ಗಿರಾಕಿಯೂ ಹೋದ ಮೇಲೆ ಸೂಪರ್‌ವೈಸರ್ ಫೋನ್ ನೋಡಿ ಹುಬ್ಬೇರಿಸಿದರು.

"ಪರವಾಗಿಲ್ಲವೇ. ಈ ಸಾಲಿನ ಲೆಕ್ಕಾನೇ ಬರ್ಕೊಂಡ್ಬಿಡ್ಲಾ?"

ನನ್ನ ಎದೆ ಹೂವಾಯಿತು. ಆದರೆ ಮಗಳು ಸ್ಕ್ಯಾನರನ್ನು ಜಾಗದಲ್ಲಿಟ್ಟು, "ಬೇಡ ಮೇಡಂ. ಇದು ಅಮ್ಮನ ಲೆಕ್ಕ. ಅಮ್ಮ ದಿನಾ ಬರಲ್ಲ. ನಾಳೆ ನೋಡಿ," ಎಂದಳು.

"ನಾಳೆ ರಜಾ ದಿನ. ಜನ ಇನ್ನೂ ಜಾಸ್ತಿ ಇರ್ತಾರೆ."

"ಗೊತ್ತು ಮೇಡಂ."

ಕೈ ಚಾಚಿ ಅವಳ ಬಾಯಿ ಮುಚ್ಚಬೇಕು ಅನ್ನಿಸಿತು. ಟವೆಲ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಬಂದೆ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ, "ನಾಳೆ ಬರ್ಬೇಡಮ್ಮ," ಎಂದಳು.

"ಬರಲ್ಲ. ಸಿಟ್ಟಾ?"

"ಸ್ವಲ್ಪ." ಚಪ್ಪಲಿಯನ್ನು ಜೋಡಿಸಿಟ್ಟು, "ಆ ಒಳಉಡುಪಿನವನು ಹೋಗ್ತಾ ನಗುವ ಮುಖ ಒತ್ತಿ ಹೋದ," ಎಂದಳು.

ಮರುದಿನ ನಾನು ಮನೆಯಲ್ಲೇ ಇದ್ದೆ. ಕಾಲು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂತು. ಒಗೆದ ಪರದೆಯನ್ನೇ ಮತ್ತೆ ನೆನೆಹಾಕಿದ್ದನ್ನು ನೋಡಿ ಅತ್ತೆ, "ಅವಳಿಗೇನು ಪರೀಕ್ಷೆ, ಪರೀಕ್ಷೆ ನಿನಗೆ," ಎಂದರು. ಸುಮ್ಮನಿರುವುದೂ ಒಂದು ಕೆಲಸ, ಮಕ್ಕಳನ್ನು ಸಾಕುವಾಗ ಅದನ್ನು ಕಲಿಯಲು ನನಗೆ ಪುರುಸೊತ್ತೇ ಆಗಿರಲಿಲ್ಲ.

ಅವಳು ಬಂದಳು. ಕೈಕಾಲು ತೊಳೆದಳು, ಬೆರಳು ಬೆರಳೂ ಬಿಡದೆ ಒರೆಸಿಕೊಂಡಳು, ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಭುಜ ಸರಿಮಾಡಿದಳು. ನಾನು ಕೇಳಲಿಲ್ಲ. ಅತ್ತೆಯಿಂದ ತಡೆಯಲಾಗಲಿಲ್ಲ.

"ಬಾಯಿ ಬಿಡೇ, ನಾನು ಮುದುಕಿ, ಅಷ್ಟು ಕಾಯೋಕೆ ನನ್ನ ಹತ್ರ ಆಯಸ್ಸಿಲ್ಲ."

"ಇನ್ನೊಂದು ತಿಂಗಳು ನೋಡ್ತಾರಂತೆ. ಮೊದಲಿಗಿಂತ ಬೇಗ ಆಗಿದೆಯಂತೆ, ಸಾಲದಂತೆ." ಆಮೇಲೆ ನನ್ನ ಕಡೆ ತಿರುಗಿದಳು. "ಮಡಚೋದು ಬಿಟ್ಟೆ ಅಮ್ಮ. ಸುತ್ತಿ ಹಾಕಿದೆ. ಆದ್ರೆ ಒಬ್ಬರ ಅಂಗೀಲಿ ಎರಡು ಗುಂಡಿ ಇರಲಿಲ್ಲ. ಹೇಳಿ, ಬದಲಾಯಿಸಿಕೊಟ್ಟೆ. ಅಲ್ಲೇ ತಡ ಆಯ್ತು. ಹೇಳದೆ ಬಿಡಬಹುದಿತ್ತಾ?"

ಬಿಡಬಹುದಿತ್ತು ಎಂದರೆ ಮುಂದಿನ ತಿಂಗಳು ಕೋಟು ಅವಳದೇ ಆಗುತ್ತಿತ್ತೇನೋ. ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಪುಟ್ಟಾ. ಅದನ್ನ ಬಿಡಬಾರದು."

"ಹಾಗಾದ್ರೆ ಮಿಕ್ಕಿದ್ದರಲ್ಲಿ ಬೇಗ ಆಗ್ಬೇಕು," ಎಂದು ಎದ್ದವಳು ಅಲಮಾರಿಯ ಬಟ್ಟೆಯನ್ನೆಲ್ಲ ತಂದು ಮೇಜಿನ ಮೇಲೆ ಸುರಿದಳು. ಹ್ಯಾಂಗರುಗಳಿಗೆ ಬೇಕೆಂದೇ ಗಂಟು ಹಾಕಿದಳು. ಕಾಗದದ ಚೂರುಗಳನ್ನು ಬೆಲೆಚೀಟಿಯೆಂದು ಬಟ್ಟೆಗಳ ಒಳಗೆ ಸಿಕ್ಕಿಸಿದಳು. ಸ್ಕ್ಯಾನರಿನ ಬದಲು ಟೀವಿ ರಿಮೋಟ್ ಹಿಡಿದಳು. "ಬನ್ನಿ, ಸಾಲಲ್ಲಿ ನಿಲ್ಲಿ. ಅಮ್ಮ, ನೀನು ಬೈಬೇಕು."

ನನ್ನ ಬಾಯಲ್ಲಿ ಬೈಗುಳ ಹೊರಡಲಿಲ್ಲ. "ಸ್ವಲ್ಪ ಬೇಗ ಮಾಡ್ತೀಯಾ ಕಂದಾ," ಎಂದೆ.

"ಹಾಗೆ ಬೈಯೋ ಗಿರಾಕಿ ಎಲ್ಲೂ ಇಲ್ಲಮ್ಮ."

"ನೀನು ಹಿಂದೆ ಹೋಗು," ಎಂದು ಅತ್ತೆ ನನ್ನನ್ನು ಸರಿಸಿ, ಒಂದು ತೆಕ್ಕೆ ಅಂಗಿಗಳ ಗಂಟನ್ನು ಮೇಜಿನ ಮೇಲೆ ಒಗೆದರು. "ಏನಮ್ಮಾ ಹುಡುಗಿ, ಕೈಗೆ ಪಟ್ಟಿ ಕಟ್ಟಿದಾರಾ? ನನಗೆ ಬಸ್ಸು ತಪ್ಪುತ್ತೆ."

"ಯಾವ ಬಸ್ಸು ಅಜ್ಜಿ?"

"ಗಿರಾಕಿಗೆ ಎದುರು ಮಾತಾಡ್ತೀಯಾ? ಚೀಟಿ ಹುಡುಕು, ಚೀಟಿ."

ಮಗಳು ಹುಡುಕಿದಳು. ನಾನು ದಿಂಬಿನ ಕವರುಗಳ ರಾಶಿ ಹೊತ್ತುಕೊಂಡು ಅತ್ತೆಯ ಹಿಂದೆ ನಿಂತೆ. ಒಂದಕ್ಕೂ ಚೀಟಿ ಮೇಲೆ ಮಾಡಿ ಇಡಲಿಲ್ಲ.